ಕೊಪ್ಪಳ ಸೀಮೆಯ ಹಳೆಯ ರೈಲುಡಬ್ಬಿಗಳು: ಗುರುತು ಮತ್ತು ಬಣ್ಣಗಳ ವಿಚಾರ

೧

ಶಿಲಾಶಾಸನ, ತಾಮ್ರಪಟ, ನಾಣ್ಯ, ಸರಕಾರಿ ಕಡತ ಇವುಗಳನ್ನು ಇತಿಹಾಸದ ಆಧಾರಗಳೆಂದು ಅಂಗೀಕರಿಸುವಲ್ಲಿ ನಮಗೆ ಯಾವ ಸಂಕೋಚವೂ ಇಲ್ಲ. ನಮ್ಮ ಅಜ್ಜಂದಿರು ಹತ್ತಿ ಇಳಿದ ರೈಲುಡಬ್ಬಿಯನ್ನು ಮಾತ್ರ ಈ ಸಾಲಿನಲ್ಲಿ ಕೂಡಿಸಲು ಹಿಂಜರಿಯುತ್ತೇವೆ. ಹಳೆಯ ಡಬ್ಬಿಯು ಒಬ್ಬರಿಗೆ ಗುಜರಿಯ ಕಬ್ಬಿಣವಾಗಿ ಕಂಡರೆ ಇನ್ನೊಬ್ಬರಿಗೆ ಹವ್ಯಾಸಿಗಳ ವಿನೋದವಾಗಿ ಕಾಣುತ್ತದೆ. ವಾಸ್ತವವಾಗಿ ಒಂದು ಡಬ್ಬಿಯ ಮೈಮೇಲೆ ಅದನ್ನು ಕಟ್ಟಿದವರ, ನಡೆಸಿದವರ, ಅದರಲ್ಲಿ ಕುಳಿತು ಹೋದವರ ಗುರುತುಗಳು ಪದರಪದರವಾಗಿ ಉಳಿದಿರುತ್ತವೆ. ಅವುಗಳನ್ನು ಬಿಡಿಸಿ ಓದುವ ಕ್ರಮ ಯಾವುದು, ಆ ಕ್ರಮದಲ್ಲಿ ಬಣ್ಣಕ್ಕೆ ಸಲ್ಲುವ ಸ್ಥಾನವೇನು ಎಂಬುದನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸೀಮೆಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಈ ವಿಚಾರಕ್ಕೆ ನಮ್ಮನ್ನು ಪ್ರೇರಿಸಿದುದು ತರಗತಿಯಲ್ಲಿ ಆಗಾಗ ಕೇಳಿಬರುವ ಒಂದು ಮಾತು. ಕೊಪ್ಪಳದ ಸ್ಟೇಶನ್ನಿನಲ್ಲಿ ತೆಗೆದ ಹಳೆಯ ಛಾಯಾಚಿತ್ರವನ್ನು ಕಂಡೊಡನೆ ವಿದ್ಯಾರ್ಥಿಗಳು “ಇದು ನಿಜಾಮರ ಗಾಡಿ” ಎಂದುಬಿಡುತ್ತಾರೆ. ಕೊಪ್ಪಳವು ೧೯೪೮ರವರೆಗೆ ನಿಜಾಮರ ರಾಜ್ಯದಲ್ಲಿತ್ತು. ಆದುದರಿಂದ ಕೊಪ್ಪಳದ ರೈಲು ನಿಜಾಮರದು. ಡಬ್ಬಿ ಹಳೆಯದಾದುದರಿಂದ ಅದೂ ನಿಜಾಮರದು. ತರ್ಕವು ಸರಳವಾಗಿದೆ, ಆದರೆ ಸರಿಯಾಗಿಲ್ಲ. ಮನೆಯ ಹಿರಿಯರೂ ಇದನ್ನೇ ಹೇಳುತ್ತಾರೆಂಬುದರಿಂದ ಇದನ್ನು ಬರಿಯ ತಪ್ಪೆಂದು ತಳ್ಳಿಹಾಕುವಂತೆಯೂ ಇಲ್ಲ. ಈ ಮಾತು ಎಲ್ಲಿಂದ ಹುಟ್ಟಿತು, ಅದರಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ತಿಳಿಯಬೇಕಾದರೆ ಡಬ್ಬಿಯನ್ನೇ ಸಾಕ್ಷಿಯಾಗಿ ಕರೆಯಬೇಕು.

ಇದೇ ಸೀಮೆಯ ಒಂದು ದೃಷ್ಟಾಂತವನ್ನು ಕೊಡಬಹುದು. ಇಟಗಿಯ ಮಹಾದೇವ ದೇವಾಲಯದ ಕಾಲವನ್ನು ನಿರ್ಣಯಿಸುವಾಗ ನಾವು ೧೧೧೨ರ ಶಾಸನವನ್ನು ಓದುತ್ತೇವೆ, ಕಂಬಗಳ ಕಡೆತವನ್ನೂ ಶಿಖರದ ಕ್ರಮವನ್ನೂ ನೋಡುತ್ತೇವೆ. ಯಾವುದೇ ಗುಡಿಯ ಗೋಡೆಗೆ ಮುಂದಿನವರು ಬಳಿದ ಸುಣ್ಣವನ್ನು ನೋಡಿ ಯಾರೂ ಅದರ ಕಾಲವನ್ನು ಹೇಳುವುದಿಲ್ಲ. ರೈಲುಡಬ್ಬಿಯ ಬಣ್ಣವು ಬಹುಮಟ್ಟಿಗೆ ಈ ಸುಣ್ಣದಂತಹದು. ಹಾಗೆಂದು ಸುಣ್ಣವು ನಿರರ್ಥಕವೆಂದಲ್ಲ. ಅದು ಕಟ್ಟಿದವರನ್ನು ಕುರಿತು ಹೇಳದೆ ಬಳಿದವರನ್ನು ಕುರಿತು ಹೇಳುತ್ತದೆ. ಈ ಭೇದವನ್ನು ಮರೆತರೆ ಬಣ್ಣವು ದಾರಿ ತಪ್ಪಿಸುತ್ತದೆ, ನೆನಪಿಟ್ಟರೆ ದಾರಿ ತೋರಿಸುತ್ತದೆ.

೨

ಮೊದಲು ಹಳಿಯ ಇತಿಹಾಸವನ್ನು ಸಂಕ್ಷೇಪವಾಗಿ ನೋಡಬೇಕು. ೧೮೭೬ರಿಂದ ೧೮೭೮ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಬಳ್ಳಾರಿ, ಧಾರವಾಡ, ರಾಯಚೂರು ಪ್ರಾಂತಗಳು ಘೋರವಾದ ಬರಕ್ಕೆ ತುತ್ತಾದುವು. ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಅದನ್ನು ಸಾಗಿಸುವ ಸಾಧನವಿಲ್ಲದೆ ಜನರು ಸತ್ತರೆಂಬುದು ಆ ಬರವು ಕಲಿಸಿದ ಪಾಠಗಳಲ್ಲೊಂದು. ಬರನಿವಾರಣೆಯ ಈ ದೃಷ್ಟಿಯಿಂದ ೧೮೮೨ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪಿತವಾಯಿತು. ೧೮೮೦ರ ದಶಕದಲ್ಲಿಯೇ ಅದರ ಮೀಟರ್ ಗೇಜ್ ಹಳಿಗಳು ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗಗಳನ್ನು ಕೂಡಿಸಿದುವು. ೧೮೮೮ರ ವೇಳೆಗೆ ಪೋರ್ತುಗೀಜರ ಗೋವೆಯ ಮಾರ್ಮಗೋವಾ ಬಂದರಿನವರೆಗೆ ದಾರಿ ತೆರೆದುದರಿಂದ ಈ ಸೀಮೆಯ ಹತ್ತಿ ಮತ್ತು ಎಣ್ಣೆಕಾಳುಗಳಿಗೆ ಕಡಲಿನ ಸಂಪರ್ಕವೂ ದೊರೆಯಿತು.

ಕಂಪನಿಯ ಪ್ರಧಾನ ಕಚೇರಿ ಧಾರವಾಡದಲ್ಲಿತ್ತು. ೧೯೧೭ರಲ್ಲಿ ಸ್ಥಾಪಿತವಾದ ಕರ್ನಾಟಕ ಕಾಲೇಜಿನ ಮುಖ್ಯ ಕಟ್ಟಡವು ಮೂಲತಃ ಈ ರೈಲ್ವೆಯ ಕಚೇರಿಗೆಂದು ಕಟ್ಟಿದುದೆಂಬುದು ಅಲ್ಲಿ ಓದಿದ ಅನೇಕರಿಗೆ ತಿಳಿದ ಸಂಗತಿ. ಡಬ್ಬಿಗಳ ದುರಸ್ತಿಯ ಕಾರ್ಖಾನೆ ಹುಬ್ಬಳ್ಳಿಯಲ್ಲಿ ಬೆಳೆಯಿತು. ೧೯೦೮ರ ಜನವರಿ ೧ರಿಂದ ಈ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಎನಿಸಿಕೊಂಡಿತು. ಜನರು ಇದನ್ನು ಎಂ. ಎಸ್. ಎಂ. ಎಂದು ಕರೆದರು.

ಆಗಿನ ಕೊಪ್ಪಳ ಮತ್ತು ಯಲಬುರ್ಗಾ ಪ್ರದೇಶಗಳು ನಿಜಾಮರ ರಾಜ್ಯದೊಳಗೆ ನವಾಬ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದುವು. ನಿಜಾಮರದೇ ಆದ ರೈಲ್ವೆಯೂ ಇತ್ತು. ಅದು ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿನವರೆಗೆ ಬ್ರಾಡ್ ಗೇಜಿನಲ್ಲಿ ಪ್ರಾರಂಭವಾಗಿ, ಮುಂದೆ ಮನಮಾಡದ ಕಡೆಗೂ, ಮೆಹಬೂಬನಗರದ ಮೂಲಕ ಕರ್ನೂಲು, ದ್ರೋಣಾಚಲಂಗಳ ಕಡೆಗೂ ಮೀಟರ್ ಗೇಜಿನಲ್ಲಿ ಬೆಳೆಯಿತು. ೧೯೩೦ರಲ್ಲಿ ನಿಜಾಮ ಸರಕಾರವು ಅದನ್ನು ಕಂಪನಿಯಿಂದ ಕೊಂಡುಕೊಂಡಿತು. ಆದರೆ ಕೊಪ್ಪಳವು ಈ ಜಾಲದ ಹೊರಗೇ ಉಳಿಯಿತು. ನೆಲ ಹೈದರಾಬಾದಿನದು, ಹಳಿ ಧಾರವಾಡದ್ದು, ೧೯೦೮ರ ತರುವಾಯ ಮದರಾಸಿನದು. ಕೋಟೆಯ ಕೆಳಗಿನ ಕಂದಾಯ ನವಾಬರಿಗೆ, ಸ್ಟೇಶನ್ನಿನ ಟಿಕೀಟಿನ ಹಣ ಕಂಪನಿಗೆ. ಒಂದೇ ಊರಿನಲ್ಲಿ ಎರಡು ಆಡಳಿತಗಳಿದ್ದುವೆಂಬ ಈ ಸಂಗತಿಯನ್ನು “ನಿಜಾಮರ ಗಾಡಿ” ಎಂಬ ಮಾತು ಮರೆಸಿಬಿಡುತ್ತದೆ. ಡಬ್ಬಿಯೊಂದಕ್ಕೆ ತಪ್ಪು ಹೆಸರಿಟ್ಟರೆ ಆಗುವ ಹಾನಿ ಇದೇ.

ಆ ಬಳಿಕ ನಡೆದ ಬದಲಾವಣೆಗಳು ಇನ್ನೂ ಸ್ವಾರಸ್ಯವಾಗಿವೆ. ೧೯೪೪ರ ಏಪ್ರಿಲ್ ೧ರಂದು ಎಂ. ಎಸ್. ಎಂ. ರೈಲ್ವೆಯನ್ನು ಸರಕಾರವು ವಹಿಸಿಕೊಂಡಿತು. ೧೯೫೧ರ ಏಪ್ರಿಲ್ ೧೪ರಂದು ಅದು ಸೌತ್ ಇಂಡಿಯನ್ ಮತ್ತು ಮೈಸೂರು ರೈಲ್ವೆಗಳೊಡನೆ ಸೇರಿ ದಕ್ಷಿಣ ರೈಲ್ವೆಯಾಯಿತು. ೧೯೫೬ರ ನವೆಂಬರ್ ೧ರಂದು ಕೊಪ್ಪಳವು ರಾಯಚೂರು ಜಿಲ್ಲೆಯೊಡನೆ ಹೈದರಾಬಾದ್ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂದಿತು. ಅಲ್ಲಿಗೆ ಹೈದರಾಬಾದಿನ ನಂಟು ಮುಗಿಯಿತೆಂದು ಭಾವಿಸಿದರೆ ಅದು ತಪ್ಪಾಗುತ್ತದೆ. ೧೯೬೬ರ ಅಕ್ಟೋಬರ್ ೨ರಂದು ಹುಟ್ಟಿದ ದಕ್ಷಿಣ ಮಧ್ಯ ರೈಲ್ವೆಗೆ ಹುಬ್ಬಳ್ಳಿ ವಿಭಾಗವು ಸೇರಿತು. ಆ ರೈಲ್ವೆಯ ಕೇಂದ್ರವು ಸಿಕಂದರಾಬಾದು. ನಿಜಾಮರ ಆಳಿಕೆಯಲ್ಲಿ ಹೈದರಾಬಾದಿನ ಮಾತು ಕೇಳದಿದ್ದ ಕೊಪ್ಪಳದ ಹಳಿ, ನಿಜಾಮರಾಜ್ಯವು ಅಳಿದ ಮೇಲೆ, ಕೊಪ್ಪಳವು ಕನ್ನಡನಾಡಿನಲ್ಲಿ ಒಂದಾದ ಮೇಲೆ, ಹೈದರಾಬಾದಿನ ಜೋಡಿನಗರದ ಆಜ್ಞೆಗೆ ಒಳಪಟ್ಟಿತು. ೨೦೦೩ರ ಏಪ್ರಿಲ್ ೧ರಂದು ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ನೈರುತ್ಯ ರೈಲ್ವೆಯು ಕಾರ್ಯಾರಂಭಮಾಡುವವರೆಗೂ ಈ ಸ್ಥಿತಿ ಮುಂದುವರಿಯಿತು. ಹಿರಿಯರ ನೆನಪನ್ನು ತೂಗುವಾಗ ಈ ಅಂಶವು ಬಹು ಮುಖ್ಯವಾದುದು. ಮುಂದೆ ಇದನ್ನು ಮತ್ತೆ ಎತ್ತಿಕೊಳ್ಳುತ್ತೇವೆ.

೩

ಈಗ ಡಬ್ಬಿಯ ಪರೀಕ್ಷೆಗೆ ಬರಬಹುದು. ಆಧಾರಗಳನ್ನು ಬದಲಾಯಿಸಲು ಅತಿ ಕಷ್ಟವಾದುದರಿಂದ ತೊಡಗಿ ಅತಿ ಸುಲಭವಾದುದರ ಕಡೆಗೆ ಸಾಗಬೇಕೆಂಬುದು ನಾವು ಸೂಚಿಸುವ ಸೂತ್ರ. ಹಳಿಯ ಅಗಲ, ಒಡಲು ಮತ್ತು ತಳಕಟ್ಟು, ಕೊಂಡಿ ಮತ್ತು ಬ್ರೇಕು, ಎರಕದ ಮತ್ತು ಬರಹದ ಅಕ್ಷರಗಳು, ಕಟ್ಟಕಡೆಗೆ ಬಣ್ಣ, ಇದು ಅದರ ಕ್ರಮ.

ಕೊಪ್ಪಳದ ಮಟ್ಟಿಗೆ ಹಳಿಯ ಅಗಲವೇ ಒಂದು ದೊಡ್ಡ ಗಡಿಗಲ್ಲು. ಮೀಟರ್ ಗೇಜಿನ ಅಗಲ ೧೦೦೦ ಮಿಲಿಮೀಟರು, ಬ್ರಾಡ್ ಗೇಜಿನದು ೧೬೭೬ ಮಿಲಿಮೀಟರು. ೧೯೯೦ರ ದಶಕದಲ್ಲಿ ಈ ಮಾರ್ಗವು ಬ್ರಾಡ್ ಗೇಜಿಗೆ ಪರಿವರ್ತನೆಗೊಂಡಿತು. ಆದುದರಿಂದ ಈ ಮಾರ್ಗದಲ್ಲಿ ಓಡುತ್ತಿರುವ ಬ್ರಾಡ್ ಗೇಜ್ ಡಬ್ಬಿಯ ಚಿತ್ರವು ಎಷ್ಟೇ ಮಾಸಿ ಹಳೆಯದಾಗಿ ತೋರಿದರೂ ಅದು ಆ ದಶಕಕ್ಕಿಂತ ಹಿಂದಿನದಾಗಲಾರದು. ಗಾಲಿಗಳು ಕಾಣದಂತೆ ಚಿತ್ರವನ್ನು ತೆಗೆದಿದ್ದರೆ ಕೊಂಡಿಯನ್ನು ನೋಡಬೇಕು. ಮೀಟರ್ ಗೇಜ್ ಡಬ್ಬಿಯ ತುದಿಯಲ್ಲಿ ನಟ್ಟನಡುವೆ ಒಂದೇ ಬಫರು, ಅದರಲ್ಲಿಯೇ ಕೊಂಡಿ. ಬ್ರಾಡ್ ಗೇಜಿನ ಹಿಂದಿನ ಡಬ್ಬಿಗಳಿಗೆ ಎಡಬಲಗಳಲ್ಲಿ ಎರಡು ಬಫರುಗಳು, ನಡುವೆ ತಿರುಪಿನ ಕೊಂಡಿ. ಈಚಿನ ಜರ್ಮನ್ ವಿನ್ಯಾಸದ ಎಲ್. ಎಚ್. ಬಿ. ಡಬ್ಬಿಗಳಿಗೆ ಪಕ್ಕದ ಬಫರುಗಳಿಲ್ಲ; ನಡುವಿನ ಕೊಂಡಿಯೊಂದೇ ಇದೆ. ಇವುಗಳ ಉದ್ದ ಸುಮಾರು ೨೩.೫ ಮೀಟರು, ಹಿಂದಿನ ಪೆರಂಬೂರು ಡಬ್ಬಿಗಳದು ಸುಮಾರು ೨೧.೩ ಮೀಟರು.

ಒಡಲಿನ ಸಾಕ್ಷ್ಯವು ಇದರ ನಂತರದ್ದು. ಆರಂಭಕಾಲದ ಡಬ್ಬಿಗಳು ಸಾಮಾನ್ಯವಾಗಿ ನಾಲ್ಕು ಗಾಲಿಗಳ ಗಿಡ್ಡ ಬಂಡಿಗಳು. ಕಬ್ಬಿಣದ ತಳಕಟ್ಟಿನ ಮೇಲೆ ಸಾಗವಾನಿಯ ಒಡಲು. ಬರಬರುತ್ತ ಎರಡು ತುದಿಗಳಲ್ಲಿ ತಿರುಗುವ ಗಾಲಿಜೋಡಣೆಗಳ ಮೇಲೆ ಕುಳಿತ ಉದ್ದ ಡಬ್ಬಿಗಳು ಬಂದುವು. ಬೋಗಿ ಎಂಬ ಮಾತಿನ ನಿಜವಾದ ಅರ್ಥವು ಈ ತಿರುಗುವ ಜೋಡಣೆಯೇ. ಜನರ ಬಾಯಲ್ಲಿ ಅದು ಇಡೀ ಡಬ್ಬಿಗೆ ಹೆಸರಾಯಿತು. ಮರದ ಒಡಲನ್ನು ಹಲಗೆಗಳ ಸಂದಿಗೆ ಬಡಿದ ಪಟ್ಟಿಗಳಿಂದಲೂ, ಲೋಹದ ಒಡಲನ್ನು ರಿವೆಟ್ಟು ಅಥವಾ ಬೆಸುಗೆಯ ಸಾಲಿನಿಂದಲೂ ಗುರುತಿಸಬಹುದು. ಛಾವಣಿಯಲ್ಲಿ ದುಂಡು ರಂಧ್ರಗಳನ್ನು ತಗಡಿನಿಂದ ಮುಚ್ಚಿದ ಗುರುತಿದ್ದರೆ, ಮೇಲಿನಿಂದ ಎಣ್ಣೆದೀಪಗಳನ್ನು ಇಳಿಬಿಡುತ್ತಿದ್ದ ಕಾಲವನ್ನು ಆ ಒಡಲು ಕಂಡಿರಬಹುದೆಂದು ಊಹಿಸಲು ಆಸ್ಪದವಿದೆ. ಅಚ್ಚಿನಿಂದ ಪಟ್ಟಾ ಹಾಯಿಸಿ ನಡೆಸುವ ಡೈನಮೊ ಇದ್ದರೆ ಅದು ವಿದ್ಯುದ್ದೀಪದ ಕಾಲದ್ದು.

ಸ್ವಾತಂತ್ರ್ಯಾನಂತರ ಡಬ್ಬಿಯ ಒಡಲು ಮೂಲತಃ ಮಾರ್ಪಟ್ಟಿತು. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಎರಡನೆಯ ಮಹಾಯುದ್ಧದ ತರುವಾಯ ರೈಲುಡಬ್ಬಿಗಳ ನಿರ್ಮಾಣಕ್ಕೆ ಕೈಹಾಕಿತು. ಈ ಕೆಲಸವು ೧೯೬೪ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಗೆ ಬಂದಿತು. ೧೯೫೫ರ ಅಕ್ಟೋಬರ್ ೨ರಂದು ಪೆರಂಬೂರಿನಲ್ಲಿ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯು ಉದ್ಘಾಟನೆಗೊಂಡಿತು. ಅಲ್ಲಿಯ ಸ್ವಿಸ್ ವಿನ್ಯಾಸದಲ್ಲಿ ತಳಕಟ್ಟು ಬೇರೆ, ಒಡಲು ಬೇರೆ ಎಂಬ ಭೇದವಿಲ್ಲ. ಇಡೀ ಉಕ್ಕಿನ ಚಿಪ್ಪೇ ಭಾರವನ್ನು ಹೊರುತ್ತದೆ. ಈ ಬಗೆಯ ಒಡಲನ್ನು ಕಂಡರೆ ನಮ್ಮ ಕಾಲಗಣನೆಯು ೧೯೫೫ರ ಈಚೆಗೆ ಬಂದಂತಾಯಿತು, ಅದರ ಮೇಲೆ ಯಾರು ಯಾವ ಬಣ್ಣವನ್ನೇ ಬಳಿದಿರಲಿ. ೨೦೧೮ರ ಜನವರಿಯಲ್ಲಿ ಪೆರಂಬೂರು ಈ ವಿನ್ಯಾಸದ ತಯಾರಿಕೆಯನ್ನು ನಿಲ್ಲಿಸಿತು.

ಒಡಲಿನ ಪರೀಕ್ಷೆಯಲ್ಲಿಯೂ ಒಂದು ಎಚ್ಚರಿಕೆ ಅವಶ್ಯ. ಪ್ರವಾಸಿಗಳ ಸೇವೆಯಿಂದ ನಿವೃತ್ತವಾದ ಡಬ್ಬಿ ಒಮ್ಮೆಲೆ ಒಡೆಯುವವರ ಕೈಗೆ ಹೋಗುವುದಿಲ್ಲ. ಹಳಿ ದುರಸ್ತಿಯ ನೌಕರರಿಗೆ ಬಿಡಾರವಾಗಿ, ಅಪಘಾತಪರಿಹಾರದ ಬಂಡಿಯಾಗಿ, ಉಗ್ರಾಣವಾಗಿ ಅದು ಹಲವು ವರ್ಷ ಬಾಳುತ್ತದೆ. ಪೆರಂಬೂರಿನ ಅನೇಕ ಹಳೆಯ ಡಬ್ಬಿಗಳು ಕಿಟಕಿಗಳನ್ನು ತಗಡಿನಿಂದ ಮುಚ್ಚಿಸಿಕೊಂಡು ಹೊಸ ಮೋಟಾರುಗಳನ್ನು ಸಾಗಿಸುವ ಸಾಮಾನು ಬಂಡಿಗಳಾಗಿವೆ. ಮುಚ್ಚಿದ ಕಿಟಕಿಯ ಅಂಚನ್ನು ಕಂಡುಹಿಡಿಯಬಲ್ಲವನು ಅದರ ಪೂರ್ವಾಶ್ರಮವನ್ನು ಹೇಳಬಲ್ಲನು.

೪

ಮೂರನೆಯದು ಅಕ್ಷರಸಾಕ್ಷ್ಯ. ಅಚ್ಚಿನ ಪೆಟ್ಟಿಗೆಯ ಮೇಲೆ ಎರಕದಲ್ಲಿಯೇ ಮೂಡಿದ ಕಂಪನಿಯ ಅಕ್ಷರಗಳು, ತಳಕಟ್ಟಿಗೆ ಬಡಿದ ತಯಾರಕರ ಫಲಕ, ಇವು ಬರೆದ ಅಕ್ಷರಗಳಿಗಿಂತ ಹೆಚ್ಚು ವಿಶ್ವಾಸಾರ್ಹವಾದುವು. ಆದರೆ ಗಾಲಿಗಳೂ ಅಚ್ಚಿನ ಪೆಟ್ಟಿಗೆಗಳೂ ಕಾರ್ಖಾನೆಯಲ್ಲಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹೋಗುವುದುಂಟು. ನಾಲ್ಕು ಪೆಟ್ಟಿಗೆಗಳ ಮೇಲೆ ಎರಡು ಕಂಪನಿಗಳ ಹೆಸರಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಅಷ್ಟೂ ಒಂದೇ ಆಗಿದ್ದರೆ ಸಾಕ್ಷ್ಯದ ಬಲ ಹೆಚ್ಚಿತೆಂದು ತಿಳಿಯಬೇಕು.

ಪಕ್ಕದ ಹಲಗೆಯ ಮೇಲೆ ಬರೆದ ಒಡೆತನದ ಅಕ್ಷರಗಳು ಕೊಪ್ಪಳ ಮಾರ್ಗದ ಡಬ್ಬಿಗಳಿಗೆ ಒಂದು ಸಿದ್ಧ ಪಂಚಾಂಗವನ್ನೇ ಒದಗಿಸುತ್ತವೆ. ಎಂ. ಎಸ್. ಎಂ. ಎಂದಿದ್ದರೆ ೧೯೦೮ರ ಮೇಲೆ. ದಕ್ಷಿಣ ರೈಲ್ವೆಯ ಅಕ್ಷರಗಳಿದ್ದರೆ ೧೯೫೧ರ ಮೇಲೆ. ದಕ್ಷಿಣ ಮಧ್ಯ ರೈಲ್ವೆಯ ಎಸ್. ಸಿ. ಇದ್ದರೆ ೧೯೬೬ರ ಮೇಲೆ, ನೈರುತ್ಯದ ಎಸ್. ಡಬ್ಲ್ಯೂ. ಇದ್ದರೆ ೨೦೦೩ರ ಮೇಲೆ. ಇವು ಬರಹದ ಕಾಲವನ್ನು ಹೇಳುತ್ತವೆಯೇ ಹೊರತು ಡಬ್ಬಿಯ ಹುಟ್ಟನ್ನಲ್ಲ. ೧೯೬೦ರಲ್ಲಿ ಕಟ್ಟಿದ ಒಂದೇ ಡಬ್ಬಿಯು ತನ್ನ ಆಯುಷ್ಯದಲ್ಲಿ ಎರಡು ಹೆಸರುಗಳನ್ನು ಹೊತ್ತಿರಬಹುದು. ಈಚಿನ ದಶಕಗಳ ಡಬ್ಬಿಗಳಲ್ಲಿ ಸಂಖ್ಯೆಯ ಮೊದಲ ಎರಡು ಅಂಕೆಗಳು ನಿರ್ಮಾಣದ ವರ್ಷವನ್ನು ಸೂಚಿಸುತ್ತವೆ. ಡಬ್ಬಿಯನ್ನು ಪುನಃ ಕಟ್ಟಿದ್ದರೆ ಅದು ಪುನರ್ನಿರ್ಮಾಣದ ವರ್ಷವಾಗಿರಬಹುದು. ತುದಿಯ ಗೋಡೆಯ ಮೇಲೆ ಮುಂದಿನ ದುರಸ್ತಿಯ ತಾರೀಖನ್ನೂ ಕಾರ್ಖಾನೆಯ ಗುರುತನ್ನೂ ಬರೆದಿರುತ್ತಾರೆ. ಚಿತ್ರದಲ್ಲಿ ಅದು ಸ್ಪಷ್ಟವಾಗಿ ಕಂಡರೆ ಕಾಲನಿರ್ಣಯದ ಕೆಲಸ ಬಹುಪಾಲು ಮುಗಿದಂತೆಯೇ.

ದರ್ಜೆಯ ಗುರುತುಗಳನ್ನು ಓದುವಾಗ ಮಾತ್ರ ಬಹಳ ಜಾಗರೂಕತೆ ಬೇಕು. ೧೯೫೫ರವರೆಗೆ ಒಂದನೆಯ, ಎರಡನೆಯ, ಇಂಟರ್, ಮೂರನೆಯ ಎಂಬ ನಾಲ್ಕು ದರ್ಜೆಗಳಿದ್ದುವು. ಆ ವರ್ಷ ಹಳೆಯ ಒಂದನೆಯ ದರ್ಜೆಯನ್ನು ರದ್ದುಮಾಡಿ, ಎರಡನೆಯದನ್ನು ಒಂದನೆಯದೆಂದೂ, ಇಂಟರನ್ನು ಎರಡನೆಯದೆಂದೂ ಕರೆದರು. ೧೯೭೪ರಲ್ಲಿ ಮೂರನೆಯ ದರ್ಜೆಯೆಂಬ ಹೆಸರು ಹೋಗಿ ಅದೂ ಎರಡನೆಯದಾಯಿತು. ಹೀಗಾಗಿ ರೋಮನ್ ಅಂಕೆಯ ಎರಡು ಗೀಟುಗಳಿಗೆ ಮೂರು ಕಾಲಗಳಲ್ಲಿ ಮೂರು ಅರ್ಥಗಳಿವೆ. ೧೯೫೫ಕ್ಕಿಂತ ಹಿಂದೆ ಅದು ಅನುಕೂಲಸ್ಥರ ಗುರುತು; ಆ ಮೇಲೆ ನಡುತರಗತಿಯವರದು; ೧೯೭೪ರ ಈಚೆಗೆ ಎಲ್ಲರದು. ಮೂರು ಗೀಟುಗಳಾದರೋ ಈ ಗೊಂದಲವಿಲ್ಲದೆ ೧೯೭೪ರ ಹಿಂದಿನ ಕಾಲವನ್ನು ಸಾರುತ್ತವೆ. ಒಂದು ಅಂಕೆಯನ್ನು ಅದರ ಕಾಲದಿಂದ ಬೇರ್ಪಡಿಸಿ ಓದಿದರೆ ಬಡವನು ಧನಿಕನಾಗಿಯೂ ಧನಿಕನು ಬಡವನಾಗಿಯೂ ನಮ್ಮ ಇತಿಹಾಸದಲ್ಲಿ ಕಾಣಿಸಿಕೊಳ್ಳುವ ಅಪಾಯವಿದೆ.

೫

ಕಡೆಯದಾಗಿ ಬಣ್ಣ. ಇದನ್ನು ದುರ್ಬಲ ಸಾಕ್ಷ್ಯವೆಂದು ನಾವು ಕರೆಯಲು ಮೂರು ಕಾರಣಗಳಿವೆ. ಮೊದಲನೆಯದಾಗಿ, ನಿಯತಕಾಲಿಕ ದುರಸ್ತಿಗೆ ಹೋದ ಡಬ್ಬಿಗೆ ಮತ್ತೆ ಬಣ್ಣ ಬೀಳುವುದುಂಟು. ಒಂದೇ ಒಡಲು ತನ್ನ ಆಯುಷ್ಯದಲ್ಲಿ ಹಲವು ಬಣ್ಣಗಳನ್ನು ಉಡುತ್ತದೆ. ಎರಡನೆಯದಾಗಿ, ಬಿಸಿಲು, ಮಳೆ, ಎಂಜಿನಿನ ಹೊಗೆ, ಕೊಪ್ಪಳ ಸೀಮೆಯ ಕೆಮ್ಮಣ್ಣು ಎರೆಮಣ್ಣುಗಳ ದೂಳು, ಹೊಸಪೇಟೆಯ ಕಡೆಯ ಕಬ್ಬಿಣದ ಅದುರಿನ ಪುಡಿ ಇವೆಲ್ಲ ಸೇರಿ ಬಳಿದ ಬಣ್ಣವನ್ನು ಬೇರೆಯೇ ಆಗಿಸುತ್ತವೆ. ವಾರ್ನಿಷು ಹಚ್ಚಿದ ಸಾಗವಾನಿಯು ವರ್ಷಗಳು ಕಳೆದಂತೆ ಕಪ್ಪಾಗುತ್ತದೆ. ದೂರದಿಂದ ಅದನ್ನು ಕಂದುಬಣ್ಣ ಬಳಿದ ಒಡಲೆಂದು ಭ್ರಮಿಸುವುದು ಸುಲಭ.

ಮೂರನೆಯ ಕಾರಣವು ಛಾಯಾಚಿತ್ರವೇ. ಹಳೆಯ ಆರ್ಥೋಕ್ರೊಮ್ಯಾಟಿಕ್ ಫಲಕಗಳು ಕೆಂಪುಬೆಳಕಿಗೆ ಸ್ಪಂದಿಸುತ್ತಿರಲಿಲ್ಲ. ಅವುಗಳಲ್ಲಿ ತೆಗೆದ ಚಿತ್ರದಲ್ಲಿ ಕೆಂಪು ಡಬ್ಬಿಯು ಕರಿದಾಗಿಯೂ, ನೀಲಿಯದು ಬಿಳಿಚಾಗಿಯೂ ಮೂಡುತ್ತದೆ. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಅದೇ ಎರಡು ಡಬ್ಬಿಗಳು ಬೇರೆಯಾಗಿ ತೋರುತ್ತವೆ. ಆದುದರಿಂದ ಕಪ್ಪುಬಿಳುಪಿನ ಚಿತ್ರವನ್ನು ನೋಡಿ “ಈ ಡಬ್ಬಿ ಹೊಳೆಯುವ ಕಪ್ಪಾಗಿತ್ತು” ಎಂದು ಬರೆಯುವವನು ಅದು ಕೆಂಪಾಗಿದ್ದಿರಬಹುದೆಂಬುದನ್ನು ಮರೆತಿರುತ್ತಾನೆ. ಬಣ್ಣದ ಚಿತ್ರಗಳನ್ನೂ ಪೂರ್ತಿಯಾಗಿ ನಂಬುವಂತಿಲ್ಲ. ಹಳೆಯ ಪ್ರತಿಗಳಲ್ಲಿ ನೀಲಿಹಸಿರು ಮೊದಲು ಮಾಸಿದರೆ ಇಡೀ ಚಿತ್ರವು ಕೆಂಪೇರುತ್ತದೆ. ಕೈಯಿಂದ ಬಣ್ಣ ತುಂಬಿದ ಚಿತ್ರವಾದರೆ ಅದು ಚಿತ್ರಗಾರನ ರುಚಿಗೆ ಸಾಕ್ಷಿ, ಡಬ್ಬಿಗಲ್ಲ.

ಡಬ್ಬಿಯೇ ಎದುರಿಗಿದ್ದರೆ ಮಾತ್ರ ಬಣ್ಣದ ಪರೀಕ್ಷೆಯು ಶಾಸ್ತ್ರೀಯವಾಗುತ್ತದೆ. ಬಿಸಿಲು ತಾಗದ ಮೂಲೆಯಲ್ಲಿ, ಫಲಕದ ಹಿಂಬದಿಯಲ್ಲಿ ಅಥವಾ ಬಾಗಿಲಿನ ಕೀಲಿನ ಅಡಿಯಲ್ಲಿ ಸ್ವಲ್ಪ ಭಾಗವನ್ನು ಇಳಿಜಾರಾಗಿ ಉಜ್ಜಿದರೆ ಪದರಗಳು ಒಂದರ ಕೆಳಗೊಂದಾಗಿ ಉಂಗುರದಂತೆ ಕಾಣುತ್ತವೆ. ಇದು ಉತ್ಖನನದ ಸ್ತರಗಳನ್ನು ಓದುವಂತಹ ಕೆಲಸ. ಹಳೆಯ ಡಬ್ಬಿಯನ್ನು ಪ್ರದರ್ಶನಕ್ಕೆ ಅಣಿಮಾಡುವ ಉತ್ಸಾಹದಲ್ಲಿ ಈ ಪದರಗಳನ್ನೆಲ್ಲ ಕೆರೆದು ಹಾಕಿ ಹೊಳೆಯುವ ಹೊಸ ಬಣ್ಣ ಬಳಿಯುವುದು ಶಾಸನವನ್ನು ಉಳಿಯಿಂದ ಕೆತ್ತಿ ನುಣುಪುಗೊಳಿಸಿದಂತೆ. ಮೈಸೂರಿನಲ್ಲಿ ೧೯೭೯ರಿಂದಲೂ, ಹುಬ್ಬಳ್ಳಿಯಲ್ಲಿ ೨೦೨೦ರಿಂದಲೂ ರೈಲು ವಸ್ತುಸಂಗ್ರಹಾಲಯಗಳಿವೆ. ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ವಸ್ತುವಿನ ಕಾಲವನ್ನೂ ಅದರ ಮೇಲಿನ ಬಣ್ಣದ ಕಾಲವನ್ನೂ ಎರಡು ಪ್ರತ್ಯೇಕ ಪ್ರಶ್ನೆಗಳಾಗಿ ಕೇಳಿಕೊಳ್ಳಬೇಕೆಂದು ನಮ್ಮ ಸೂಚನೆ.

೬

ಬಣ್ಣದಿಂದ ಕಾಲವನ್ನು ಹೇಳುವುದು ಒಂದು. ಬಣ್ಣದ ಗುಣದೋಷಗಳನ್ನು ವಿಮರ್ಶಿಸುವುದು ಇನ್ನೊಂದು. ಚಂದವಾಗಿದೆ, ಚಂದವಾಗಿಲ್ಲ ಎಂಬಷ್ಟಕ್ಕೆ ಈ ವಿಮರ್ಶೆಯು ನಿಲ್ಲಬಾರದು. ಬಣ್ಣವು ಯಾವ ಕೆಲಸಕ್ಕಾಗಿ ಬಂದಿತು, ಆ ಕೆಲಸವನ್ನು ಅದು ನಿರ್ವಹಿಸಿತೆ ಎಂಬುದೇ ಇತಿಹಾಸಕಾರನ ಅಳತೆಗೋಲು.

೧೯೩೦ರ ಜೂನ್ ೧ರಂದು ಮುಂಬಯಿ ಪುಣೆಗಳ ನಡುವೆ ಹೊರಟ ಡೆಕ್ಕನ್ ಕ್ವೀನ್ ರೈಲಿನ ಒಂದು ಸಾಲಿಗೆ ಬೆಳ್ಳಿಬಣ್ಣದ ಮೇಲೆ ಕಡುಗೆಂಪಿನ ಅಂಚನ್ನೂ, ಇನ್ನೊಂದಕ್ಕೆ ನೀಲಿಯ ಮೇಲೆ ಹೊನ್ನಿನ ಗೆರೆಗಳನ್ನೂ ಕೊಟ್ಟಿದ್ದರು. ಅದು ಸಿರಿವಂತ ಪ್ರವಾಸಿಗಳನ್ನು ಕರೆಯುವ ಬಣ್ಣ. ಸ್ವಾತಂತ್ರ್ಯದ ಮೇಲೆ ದಶಕಗಳ ಕಾಲ ದೇಶದ ಸಾಮಾನ್ಯ ಡಬ್ಬಿಗಳು ಇಟ್ಟಿಗೆಗೆಂಪನ್ನು ಉಟ್ಟುವು. ಇದನ್ನು ನೀರಸವೆಂದು ಹಳಿಯುವವರುಂಟು. ಆದರೆ ಬಯಲುಸೀಮೆಯ ದೂಳಿನಲ್ಲಿ ಇಡೀ ದಿನ ಓಡಿದ ಡಬ್ಬಿಯು ಕೊಳೆಯನ್ನು ತೋರಗೊಡದಿರುವುದು ಸಣ್ಣ ಗುಣವಲ್ಲ.

೧೯೯೦ರ ದಶಕದಲ್ಲಿ ಬಂದ ನೀಲಿಬಣ್ಣವನ್ನು ಅನೇಕರು ಬರಿಯ ಅಲಂಕಾರವೆಂದು ತಿಳಿಯುತ್ತಾರೆ. ಅದರ ಹಿಂದೆ ಒಂದು ಯಂತ್ರದ ಕಾರಣವಿತ್ತು. ಹಳೆಯ ಡಬ್ಬಿಗಳಲ್ಲಿ ನಿರ್ವಾತ ಬ್ರೇಕು ಇದ್ದಿತು. ಹೊಸವಕ್ಕೆ ಒತ್ತಿದ ಗಾಳಿಯ ಬ್ರೇಕು ಬಂದಿತು. ಈ ಎರಡನ್ನು ಒಂದೇ ಸಾಲಿನಲ್ಲಿ ಕೂಡಿಸುವಂತಿಲ್ಲ. ದೂರದಿಂದಲೇ ಭೇದವನ್ನು ತಿಳಿಯುವಂತೆ ಗಾಳಿಬ್ರೇಕಿನ ಡಬ್ಬಿಗಳಿಗೆ ನೀಲಿಯನ್ನು ಕೊಟ್ಟರು. ತುದಿಯಲ್ಲಿ ಜೋಲುವ ಒಂದೇ ದಪ್ಪ ಕೊಳವೆಯು ನಿರ್ವಾತ ಬ್ರೇಕಿನ ಗುರುತು, ಎರಡು ಸಣ್ಣ ಕೊಳವೆಗಳು ಗಾಳಿಬ್ರೇಕಿನ ಗುರುತು. ಇಲ್ಲಿ ಬಣ್ಣವು ಯಂತ್ರದ ಮಾತನ್ನೇ ಆಡುತ್ತಿದೆ. ಇಂತಹ ಬಣ್ಣಕ್ಕೆ ಸಾಕ್ಷ್ಯಬಲವು ಅಧಿಕ. ಮೀಸಲಿಲ್ಲದ ಸಾಮಾನ್ಯ ಡಬ್ಬಿಯ ತುದಿಯ ಕಿಟಕಿಗಳ ಮೇಲಿನ ಓರೆಪಟ್ಟಿಗಳನ್ನೂ ಹೀಗೆಯೇ ಮೆಚ್ಚಬೇಕು. ಅಕ್ಷರ ಬಾರದ ಕೂಲಿಕಾರನೂ ಓಡುತ್ತ ಬರುವಾಗ ತನ್ನ ಡಬ್ಬಿಯನ್ನು ಗುರುತಿಸಬಲ್ಲನು.

ಇದಕ್ಕೆ ಇನ್ನೊಂದು ತುದಿಯಾಗಿ ೨೦೦೮ರಲ್ಲಿ ಪ್ರಾರಂಭವಾದ ಕರ್ನಾಟಕದ ಗೋಲ್ಡನ್ ಚಾರಿಯಟ್ ರೈಲನ್ನು ನೋಡಬಹುದು. ಹಂಪೆಯ ಕಲ್ಲಿನ ರಥದಿಂದ ಹೆಸರನ್ನು ಪಡೆದ ಈ ನೇರಳೆ ಮತ್ತು ಹೊನ್ನಿನ ಬಣ್ಣದ ರೈಲಿನ ಡಬ್ಬಿಗಳಿಗೆ ಕದಂಬ, ಗಂಗ, ರಾಷ್ಟ್ರಕೂಟ, ಹೊಯ್ಸಳ ಮೊದಲಾದ ರಾಜವಂಶಗಳ ಹೆಸರುಗಳಿವೆ. ಹೊಸಪೇಟೆಯಿಂದ ಗದಗಿಗೆ ಹೋಗುವಾಗ ಅದು ಕೊಪ್ಪಳವನ್ನು ಹಾದುಹೋಗುತ್ತಿತ್ತು. ವರ್ಣಯೋಜನೆಯು ತನ್ನ ಉದ್ದೇಶಕ್ಕೆ ಒಪ್ಪುವಂತಹದೇ. ಆದರೆ ಅದು ಪರಸ್ಥಳದ ಅತಿಥಿಗೆ ತೋರಿಸಿದ ಇತಿಹಾಸ. ಕೊಪ್ಪಳದ ಪ್ರವಾಸಿಯು ಬದುಕಿದ ಇತಿಹಾಸವು ಮೂರು ಗೀಟುಗಳ ಡಬ್ಬಿಯಲ್ಲಿತ್ತು. ಗಾಂಧೀಜಿಯವರು ೧೯೧೭ರಲ್ಲಿ ಭಾರತದ ರೈಲುಗಳ ಮೂರನೆಯ ದರ್ಜೆಯನ್ನು ಕುರಿತು ಬರೆದಾಗ ಅವರ ದೂರು ಒಳಗಿನ ನೂಕುನುಗ್ಗಲನ್ನೂ ಹೊಲಸನ್ನೂ ಕುರಿತದ್ದಾಗಿತ್ತು. ಹೊರಗಿನ ಬಣ್ಣವನ್ನು ಹೊಗಳಿ ಒಳಗಿನ ಹಲಗೆಯನ್ನು ನೋಡದ ವಿಮರ್ಶೆಯು ಅರ್ಧ ವಿಮರ್ಶೆ.

೭

ಇಷ್ಟನ್ನು ತಿಳಿದ ಮೇಲೆ ಮೊದಲಿನ ಪ್ರಶ್ನೆಗೆ ಮರಳೋಣ. ಕೊಪ್ಪಳದ ಒಂದು ಮನೆಯಲ್ಲಿ ಹಳೆಯ ಚಿತ್ರವೊಂದು ದೊರೆಯಿತೆಂದು ಭಾವಿಸೋಣ. ಮದುವೆಯ ದಿಬ್ಬಣದವರು ಡಬ್ಬಿಯ ಮುಂದೆ ನಿಂತಿದ್ದಾರೆ. ಡಬ್ಬಿ ಕರ್ರಗೆ ಕಾಣುತ್ತದೆ. ಚಿತ್ರದ ಹಿಂದೆ “ಹೈದರಾಬಾದ ಗಾಡಿ” ಎಂದು ಬರೆದಿದೆ. ಬಣ್ಣವನ್ನೂ ಬರಹವನ್ನೂ ನಂಬಿದರೆ ನಿಜಾಮರ ಕಾಲವೆಂಬ ತೀರ್ಮಾನವು ಸಿದ್ಧವಾಗಿಯೇ ಇದೆ. ನಮ್ಮ ಕ್ರಮವನ್ನು ಅನುಸರಿಸಿದರೆ ಏನಾಗುತ್ತದೆ? ತುದಿಯಲ್ಲಿ ಒಂದೇ ಬಫರು: ಮೀಟರ್ ಗೇಜ್, ಎಂದರೆ ಪರಿವರ್ತನೆಯ ಹಿಂದಿನದು. ಒಡಲು ಬೆಸೆದ ಉಕ್ಕಿನದು: ಸ್ವಾತಂತ್ರ್ಯದ ಈಚಿನದೆಂಬ ಶಂಕೆ. ಬಾಗಿಲ ಬಳಿ ಮೂರು ಗೀಟುಗಳು: ೧೯೭೪ರ ಹಿಂದಿನದು. ಪಕ್ಕದಲ್ಲಿ ಎಸ್. ಸಿ. ಅಕ್ಷರಗಳು: ೧೯೬೬ರ ಅಕ್ಟೋಬರಿಗಿಂತ ಹಿಂದಿನದಾಗಲಾರದು. ಹೆಸರು ಬದಲಾದ ದಿನವೇ ಎಲ್ಲ ಡಬ್ಬಿಗಳ ಬರಹವೂ ಬದಲಾಗುವುದಿಲ್ಲವಾದುದರಿಂದ ಉತ್ತರಸೀಮೆಯನ್ನು ಸ್ವಲ್ಪ ಸಡಿಲವಾಗಿ ಹಿಡಿಯಬೇಕು. ಆದರೂ ೧೯೬೬ರಿಂದ ೧೯೭೪ರ ಸುಮಾರಿನ ಎಂಟು ವರ್ಷಗಳೊಳಗೆ ಚಿತ್ರವು ನೆಲೆಗೊಂಡಿತು. ಕಪ್ಪು ಕಂಡುದು ಬಹುಶಃ ಇಟ್ಟಿಗೆಗೆಂಪು.

ಹಾಗಾದರೆ ಹಿಂದೆ ಬರೆದವರು ಸುಳ್ಳು ಬರೆದರೆ? ಹಾಗೆ ಹೇಳುವುದು ನ್ಯಾಯವಲ್ಲ. ಅವರ ಕಾಲದಲ್ಲಿ ಡಬ್ಬಿಯ ಒಡೆತನವು ನಿಜವಾಗಿಯೂ ಸಿಕಂದರಾಬಾದಿನ ರೈಲ್ವೆಯದೇ ಆಗಿತ್ತು. “ಹೈದರಾಬಾದ ಗಾಡಿ” ಎಂಬುದು ಸತ್ಯವಾದ ನೆನಪು. ಅದನ್ನು “ನಿಜಾಮರ ಗಾಡಿ” ಎಂದು ಅರ್ಥಮಾಡಿದುದು ಮುಂದಿನ ತಲೆಮಾರಿನ ಪ್ರಮಾದ. ಮೌಖಿಕ ಸಾಕ್ಷ್ಯವನ್ನು ವಸ್ತುಸಾಕ್ಷ್ಯದೊಡನೆ ತಾಳೆನೋಡಿದಾಗ ಎರಡೂ ಉಳಿದುವು, ನಡುವಿನ ಊಹೆಯೊಂದೇ ಬಿದ್ದುಹೋಯಿತು. ನಿಜಾಮರ ರೈಲ್ವೆಯ ಮೀಟರ್ ಗೇಜ್ ಡಬ್ಬಿಯು ದ್ರೋಣಾಚಲಂ ಮಾರ್ಗವಾಗಿ ಕೊಪ್ಪಳಕ್ಕೆ ಎಂದೂ ಬಂದಿರಲಾರದೆಂದು ನಾವು ಹೇಳುತ್ತಿಲ್ಲ. ಹಳಿಯ ಅಗಲವು ಒಂದೇ ಆಗಿದ್ದುದರಿಂದ ಅದು ಸಾಧ್ಯವಿತ್ತು. ಆದರೆ ಹಾಗೆಂದು ಹೇಳುವವರು ಎರಕದ ಅಕ್ಷರವನ್ನೋ ಫಲಕವನ್ನೋ ತೋರಿಸಬೇಕು. ನಿಂತ ನೆಲವನ್ನು ತೋರಿಸಿದರೆ ಸಾಲದು.

೮

ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳ ವಿಷಯವು ಬೇರೆಯಾಗಿದೆ. ಮರದ ಡಬ್ಬಿ, ಮೂರನೆಯ ದರ್ಜೆ, ಇಟ್ಟಿಗೆಗೆಂಪು ಇವು ಯಾವುವೂ ಆ ಊರುಗಳ ಅಗಸೆಗೆ ಬರಲಿಲ್ಲ. ಅಲ್ಲಿಯ ಜನರು ರೈಲು ಹತ್ತಬೇಕಾದರೆ ಚಕ್ಕಡಿಯಲ್ಲಿಯೋ ಬಸ್ಸಿನಲ್ಲಿಯೋ ಬೇರೆ ಊರಿನ ಸ್ಟೇಶನ್ನಿಗೆ ಹೋಗಬೇಕಾಗಿತ್ತು. ಗಿಣಿಗೇರಾ ಮೆಹಬೂಬನಗರ ಯೋಜನೆಯ ಹಳಿಯ ಮೇಲೆ ಗಂಗಾವತಿಗೆ ರೈಲು ಬಂದುದು ೨೦೧೯ರಲ್ಲಿ. ಗದಗ ವಾಡಿ ಯೋಜನೆಯ ಹಳಿಯ ಮೇಲೆ, ತಳಕಲ್ಲಿನಿಂದ ಯಲಬುರ್ಗಾ ಸೀಮೆಯನ್ನು ಹಾಯ್ದು ಕುಷ್ಟಗಿಗೆ ಬಂದುದು ೨೦೨೫ರ ಮೇ ತಿಂಗಳಲ್ಲಿ. ಮೆಹಬೂಬನಗರವು ಹಿಂದಿನ ನಿಜಾಮ ರೈಲ್ವೆಯ ಊರು. ನಿಜಾಮರಿದ್ದಾಗ ನೇರವಾಗಿ ಕೂಡದಿದ್ದ ಎರಡು ಹಳಿಗಳನ್ನು ಕೂಡಿಸಲು ಹೊರಟಿರುವ ಯೋಜನೆಯು ಗಂಗಾವತಿಯ ಮೇಲೆ ಹೋಗುತ್ತಿರುವುದು ಇತಿಹಾಸದ ವಿದ್ಯಾರ್ಥಿಗೆ ಗಮನಾರ್ಹವಾದ ಸಂಗತಿ.

ಕೊಪ್ಪಳದ ಮೊದಲ ಡಬ್ಬಿಗಳನ್ನು ಕಂಡವರು ಅವುಗಳ ಅಕ್ಷರವನ್ನಾಗಲಿ ಅಂಕೆಯನ್ನಾಗಲಿ ಬರೆದಿಡಲಿಲ್ಲ; ಆದುದರಿಂದಲೇ ನಾವಿಂದು ಬಫರನ್ನೂ ಗೀಟನ್ನೂ ಎಣಿಸಬೇಕಾಗಿದೆ. ಕುಷ್ಟಗಿ ಗಂಗಾವತಿಗಳ ವಿದ್ಯಾರ್ಥಿಗಳಿಗೆ ಈ ಕಷ್ಟವಿಲ್ಲ. ಅವರ ಊರಿನ ರೈಲಿನ ಮೊದಲ ವರ್ಷಗಳು ಇನ್ನೂ ಅವರ ಕಣ್ಣೆದುರಿಗಿವೆ. ಇತಿಹಾಸ ಸಂಘಗಳುಳ್ಳ ಕಾಲೇಜುಗಳು ವರ್ಷಕ್ಕೊಮ್ಮೆಯಾದರೂ ಸ್ಟೇಶನ್ನಿಗೆ ಹೋಗಿ, ನಿಂತ ಡಬ್ಬಿಗಳ ಬಗೆ, ಸಂಖ್ಯೆ, ಒಡೆತನದ ಅಕ್ಷರ, ದುರಸ್ತಿಯ ತಾರೀಖು, ಕೊನೆಯಲ್ಲಿ ಬಣ್ಣ, ಇಷ್ಟನ್ನು ಒಂದು ವಹಿಯಲ್ಲಿ ಬರೆದಿಡಬಹುದು. ಚಿತ್ರವನ್ನು ತೆಗೆದರೆ ಅದರ ಹಿಂದೆ ಊರು, ತಾರೀಖು, ದಿಕ್ಕುಗಳನ್ನು ಕಾಣಿಸಬೇಕು. ಮನೆಗಳಲ್ಲಿರುವ ಹಳೆಯ ಚಿತ್ರಗಳ ಪ್ರತಿಗಳನ್ನು ಕೂಡಿಹಾಕುವಾಗ ಹಿಂಬದಿಯ ಬರಹವನ್ನು, ಅದು ತಪ್ಪೆಂದು ತೋರಿದರೂ, ಇದ್ದಂತೆಯೇ ಇಳಿಸಿಕೊಳ್ಳಬೇಕು. ತಪ್ಪೆಂದು ಕಂಡುದು ಇನ್ನೊಂದು ಕಾಲದ ಸತ್ಯವಾಗಿರಬಹುದೆಂಬುದನ್ನು ಮೇಲೆ ನೋಡಿದ್ದೇವೆ. ಇದಕ್ಕೆ ಹಣವು ಬೇಡ, ಪರಿಶ್ರಮವು ಸಾಕು.

ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನ ಅಕ್ಷರಗಳನ್ನು ಉಳಿಸಿಕೊಂಡ ಕೊಪ್ಪಳವು ತನ್ನ ಹಳಿಯ ಮೇಲೆ ಹಾದುಹೋದ ಅಕ್ಷರಗಳನ್ನು ಉಳಿಸಿಕೊಳ್ಳಲಿಲ್ಲ. ಬಂಡೆ ನಿಂತಲ್ಲಿಯೇ ಇರುತ್ತದೆ, ಡಬ್ಬಿ ಹೊರಟುಹೋಗುತ್ತದೆ. ಆದುದರಿಂದ ಅದು ನಿಂತಿರುವ ಎರಡು ನಿಮಿಷಗಳಲ್ಲಿಯೇ ಓದಬೇಕಾಗುತ್ತದೆ.